ಗಂಡಸರ ಸ್ಯಾಶೆಯಲ್ಲಿ ಹತ್ತನೇ ಒಂದು ಪಾಲು: ಔಷಧ ಮಹಾನಿಯಂತ್ರಕರಿಗೆ ಬಹಿರಂಗ ಪತ್ರ

ಮಾನ್ಯ ಭಾರತದ ಔಷಧ ಮಹಾನಿಯಂತ್ರಕರೇ,

ನಮಸ್ಕಾರ. ನಾನು ಹಾಸನದಲ್ಲಿ ಮೆಡಿಕಲ್ ಶಾಪ್ ನಡೆಸುವ ಫಾರ್ಮಸಿಸ್ಟ್. ಐವತ್ತು ದಾಟಿದ ಹೆಂಗಸು. ದೆಹಲಿಯ ಆಫೀಸಿಗೆ ಕನ್ನಡದಲ್ಲಿ ಯಾಕೆ ಬರೀತೀಯ ಅಂತ ನಮ್ಮ ಮನೆಯವರೇ ಕೇಳಿದರು. ನೀವು ಅನುಮತಿ ಕೊಟ್ಟ ಔಷಧಿಗಳನ್ನು ಬಳಸುವವರಲ್ಲಿ ಕನ್ನಡ ಮಾತ್ರ ಓದುವವರು ಬೇಕಾದಷ್ಟು ಜನ ಇದ್ದಾರೆ. ಈ ಮಾತು ಅವರಿಗೂ ಮುಟ್ಟಬೇಕು. ನಿಮಗೆ ಓದಿ ಹೇಳುವ ಕನ್ನಡದವರು ಅಲ್ಲಿ ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ.

ನಾನು ಬರೆಯುತ್ತಿರುವುದು ಗಂಡಸರ ಹಾರ್ಮೋನ್ ಅಂತ ಜನ ಕರೆಯುವ ಟೆಸ್ಟೋಸ್ಟೆರಾನ್ ಬಗ್ಗೆ. ಅದೂ ಮುಟ್ಟು ನಿಂತ ಮೇಲೆ ಮಿಲನದ ಆಸೆ ಕಳೆದುಕೊಂಡು ನೊಂದ ಹೆಂಗಸರಿಗೆ ಬರೆದುಕೊಡುವ ಟೆಸ್ಟೋಸ್ಟೆರಾನ್ ಬಗ್ಗೆ.

ನಮ್ಮ ಅಂಗಡಿಗೆ ಬರುವ ಟೆಸ್ಟೋಸ್ಟೆರಾನ್ ಜೆಲ್ ಸ್ಯಾಶೆಯಲ್ಲಿ ಇರುತ್ತದೆ. ಒಂದು ಸ್ಯಾಶೆಯಲ್ಲಿ 5 ಗ್ರಾಂ ಜೆಲ್. ಶೇಕಡಾ 1ರ ಲೆಕ್ಕದಲ್ಲಿ 50 ಮಿಲಿಗ್ರಾಂ ಟೆಸ್ಟೋಸ್ಟೆರಾನ್. ಇದು ಒಬ್ಬ ಗಂಡಸಿಗೆ ಒಂದು ದಿನದ ಡೋಸ್. ಬೆಳಿಗ್ಗೆ ಸ್ನಾನ ಆದಮೇಲೆ ಸ್ಯಾಶೆ ಹರಿದು, ಇಡೀ ಜೆಲ್ಲನ್ನು ಭುಜಕ್ಕೋ ತೋಳಿಗೋ ಹಚ್ಚಿಕೊಂಡು, ಖಾಲಿ ಪ್ಯಾಕೆಟ್ ಎಸೆದರೆ ಆಯಿತು. ಸರಳ.

ಈಗ ಅದೇ ಸ್ಯಾಶೆಯನ್ನು ಒಬ್ಬ ಹೆಂಗಸಿಗೆ ಡಾಕ್ಟರು ಬರೆದುಕೊಟ್ಟಿದ್ದಾರೆ ಅಂದುಕೊಳ್ಳಿ. ಬರೆದುಕೊಡುತ್ತಾರೆ, ಜಾಸ್ತಿ ಅಲ್ಲದಿದ್ದರೂ ಆಗಾಗ. ಚೀಟಿಯಲ್ಲಿ ಜೆಲ್ಲಿನ ಹೆಸರು, ಪಕ್ಕದಲ್ಲಿ ‘ಅರ್ಧ ಎಂಎಲ್, ದಿನಕ್ಕೊಮ್ಮೆ’. ಅಂದರೆ ಸುಮಾರು 5 ಮಿಲಿಗ್ರಾಂ, ಸ್ಯಾಶೆಯ ಹತ್ತನೇ ಒಂದು ಪಾಲು. ಹತ್ತು ಪಾಲು ಮಾಡುವುದು ಹೇಗೆ? ಚೀಟಿಯಲ್ಲಿ ಅದಿಲ್ಲ. ಪ್ಯಾಕೆಟ್ ಮೇಲೆ ಇರುವ ಪ್ರಶ್ನೆಯೇ ಇಲ್ಲ. ಆ ಕೆಲಸ ಕೌಂಟರಿಗೆ ಬರುತ್ತದೆ. ನಾನು ಒಂದು ಎಂಎಲ್ ಸಿರಿಂಜ್ ತೆಗೆದು, ಸೂಜಿ ಬಿಚ್ಚಿ, ಅರ್ಧದ ಗೆರೆಗೆ ಪೆನ್ನಿನಲ್ಲಿ ಗುರುತು ಹಾಕಿ ಕೊಡುತ್ತೇನೆ. ಸ್ಯಾಶೆಯ ಒಂದು ಮೂಲೆ ಕತ್ತರಿಸಿ, ಸಿರಿಂಜ್ ತುದಿ ಇಟ್ಟು ಎಳೆದುಕೊಳ್ಳಿ, ಗುಳ್ಳೆ ಬಂದರೆ ಮತ್ತೆ ಒಳಗೆ ತಳ್ಳಿ ಎಳೆಯಿರಿ, ಆಮೇಲೆ ಬಾಯಿ ಮಡಚಿ ಬಟ್ಟೆಯ ಕ್ಲಿಪ್ ಹಾಕಿಡಿ ಅಂತ ಹೇಳಿಕೊಡುತ್ತೇನೆ. ಆ ಜೆಲ್ಲಿನಲ್ಲಿ ಇರುವುದು ಆಲ್ಕೋಹಾಲ್. ಬಾಯಿ ತೆರೆದ ಸ್ಯಾಶೆಯಲ್ಲಿ ಹತ್ತನೇ ದಿನಕ್ಕೆ ಉಳಿದಿರುವುದು ಮೊದಲನೇ ದಿನದಷ್ಟೇ ತೆಳುವಾಗಿ, ಅಷ್ಟೇ ಪ್ರಮಾಣದಲ್ಲಿ ಇರುತ್ತದೆ ಅಂತ ನಾನು ಯಾವ ಧೈರ್ಯದ ಮೇಲೆ ಹೇಳಲಿ?

ಇಷ್ಟೆಲ್ಲಾ ಹೇಳಿದ ಮೇಲೆ ಆಕೆ ಮನೆಗೆ ಹೋಗಿ ಒಳಗಿನ ಚೀಟಿ ಬಿಡಿಸುತ್ತಾಳೆ. ಓದುವ ಮಗಳಿದ್ದರೆ ಓದಿಸುತ್ತಾಳೆ. ಹೆಂಗಸರು ಬಳಸಬಾರದು ಅಂತ ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆ. ಹಚ್ಚಿದ ಜಾಗವನ್ನು ಹೆಂಗಸರು, ಮಕ್ಕಳು ಮುಟ್ಟಲೂ ಬಾರದು ಅಂತಲೂ ಇದೆ. ಮರುದಿನ ಫೋನ್ ಬರುತ್ತದೆ. ‘ಮೇಡಂ, ನೀವು ತಪ್ಪು ಔಷಧಿ ಕೊಟ್ಟಿಲ್ಲ ತಾನೇ? ಇದು ಗಂಡಸರದ್ದು ಅಲ್ವಾ?’

ಆಕೆ ಕೇಳಿದ್ದರಲ್ಲಿ ತಪ್ಪೇನಿದೆ? ಡಾಕ್ಟರು ಬರೆದದ್ದೂ ತಪ್ಪಲ್ಲ. ಒಳಗಿನ ಚೀಟಿಯದ್ದೂ ತಪ್ಪಲ್ಲ, ಅದು ಇಡೀ ಸ್ಯಾಶೆಯ ಲೆಕ್ಕದಲ್ಲಿ ಬರೆದದ್ದು. ಹೆಂಗಸರ ಅಳತೆಯಲ್ಲಿ ತಯಾರಾದ ಒಂದು ಟ್ಯೂಬ್ ಕೊಡಿ ಅಂದರೆ ನನ್ನ ಹತ್ತಿರ ಕೊಡಲು ಇಲ್ಲ. ಈ ಪತ್ರ ಬರೆಯಲು ಅದೇ ಕಾರಣ.

ಹೆಂಗಸಿಗೆ ಟೆಸ್ಟೋಸ್ಟೆರಾನ್ ಯಾಕಪ್ಪಾ ಅಂತ ಓದುವವರಲ್ಲಿ ಕೆಲವರು ಈಗಾಗಲೇ ಹುಬ್ಬೇರಿಸಿರಬಹುದು. ನಮ್ಮಲ್ಲಿ ಹೆಣ್ಣಿನ ಜೊತೆ ಈ ಹೆಸರು ಕೇಳಿಬಂದದ್ದೇ ಅದು ಜಾಸ್ತಿಯಾದಾಗ. ಪಿಸಿಒಎಸ್ ಅನ್ನುವ ಹಾರ್ಮೋನ್ ತೊಂದರೆ ಇರುವ ಹುಡುಗಿಯ ಗಲ್ಲದ ಮೇಲೆ ಕೂದಲು ಬಂದಾಗ ಕೇಳುತ್ತೇವೆ. 2014ರಲ್ಲಿ ಓಟಗಾರ್ತಿ ದ್ಯುತಿ ಚಂದ್ ಅವರನ್ನು ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಿಂದ ಹೊರಗಿಟ್ಟಾಗ ಊರೆಲ್ಲಾ ಕೇಳಿತು. ಪಾಪ, ಆಕೆ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯದ ತನಕ ಹೋಗಿ 2015ರಲ್ಲಿ ಆ ನಿಯಮಕ್ಕೇ ತಡೆ ತಂದರು. ಆದರೆ ಜನರ ತಲೆಯಲ್ಲಿ ಉಳಿದದ್ದು ಒಂದೇ: ಇದು ಗಂಡಸರ ಹಾರ್ಮೋನ್, ಹೆಣ್ಣಿನ ಮೈಯಲ್ಲಿ ಇರಬಾರದ್ದು.

ಇದು ಎಲ್ಲ ಹೆಂಗಸರ ಮೈಯಲ್ಲೂ ಇರುತ್ತದೆ. ಓವರಿಗಳು, ಅಂದರೆ ಅಂಡಾಶಯಗಳು, ತಯಾರಿಸುತ್ತವೆ. ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳೂ ತಯಾರಿಸುತ್ತವೆ. ಈಸ್ಟ್ರೋಜೆನ್ ಅಂತ ನಾವು ಯಾವುದನ್ನು ಹೆಣ್ಣಿನ ಹಾರ್ಮೋನ್ ಅನ್ನುತ್ತೇವೋ, ಅದನ್ನು ದೇಹ ತಯಾರಿಸಿಕೊಳ್ಳುವುದೇ ಟೆಸ್ಟೋಸ್ಟೆರಾನ್ ಮತ್ತು ಅದರ ನೆಂಟರಿಂದ. ಗಂಡಸಿನ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ ಸುಮಾರು 300ರಿಂದ 1000 ನ್ಯಾನೋಗ್ರಾಂ ಇದ್ದರೆ, ಹೆಂಗಸಿನಲ್ಲಿ ಸುಮಾರು 15ರಿಂದ 70. ಲ್ಯಾಬಿನಿಂದ ಲ್ಯಾಬಿಗೆ ಈ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ಪ್ರಮಾಣ ಕಮ್ಮಿ, ಅಷ್ಟೇ. ಅಡುಗೆಗೆ ಇಂಗು ಹಾಕಿದ ಹಾಗೆ, ಚಿಟಿಕೆಯಷ್ಟೇ ಸಾಕು, ಹಿಡಿ ಹಾಕಿದರೆ ಕೆಟ್ಟಿತು.

ಇನ್ನೊಂದು ಮಾತು. ಮುಟ್ಟು ನಿಂತ ದಿನ ಟೆಸ್ಟೋಸ್ಟೆರಾನ್ ಕೂಡ ಒಮ್ಮೆಲೇ ನಿಂತುಹೋಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಈಸ್ಟ್ರೋಜೆನ್ ಹಾಗೆ ಬೀಳುತ್ತದೆ. ಟೆಸ್ಟೋಸ್ಟೆರಾನ್ ಇಪ್ಪತ್ತರ ಹರೆಯದಿಂದಲೇ ಮೆಲ್ಲಗೆ ಇಳಿಯುತ್ತಾ ಬಂದು, ನಲವತ್ತರ ಹೊತ್ತಿಗೆ ಸುಮಾರು ಅರ್ಧಕ್ಕೆ ಬಂದಿರುತ್ತದೆ. ಮುಟ್ಟು ನಿಂತ ಮೇಲೂ ಓವರಿಗಳು ಅದನ್ನು ಅಷ್ಟಿಷ್ಟು ತಯಾರಿಸುತ್ತಲೇ ಇರುತ್ತವೆ. ಆದರೆ ಆಪರೇಷನ್ ಮಾಡಿ ಎರಡೂ ಓವರಿ ತೆಗೆದರೆ ಕಥೆ ಬೇರೆ. ಇದ್ದಿದ್ದರಲ್ಲೂ ಅರ್ಧದಷ್ಟು ಕೆಲವೇ ದಿನದಲ್ಲಿ ಹೋಗಿಬಿಡುತ್ತದೆ.

ಕರ್ನಾಟಕದ ಹೆಂಗಸರಿಗೆ ಇದು ಬರೀ ಪುಸ್ತಕದ ಮಾತಲ್ಲ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ, ದಲಿತ ಕೇರಿಗಳಲ್ಲಿ ಹೆಂಗಸರ ಗರ್ಭಕೋಶಗಳನ್ನು ಸಾಲಾಗಿ ತೆಗೆದುಹಾಕಿದ ಸುದ್ದಿ 2015ರಲ್ಲಿ ದೊಡ್ಡದಾಗಿ ಹೊರಬಂತು. ಹೊಟ್ಟೆನೋವು, ಬಿಳಿಸೆರಗು ಅಂತ ಹೋದವರಿಗೆ ‘ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತೆ’ ಅಂದದ್ದು. ಪಕ್ಕದ ಮಹಾರಾಷ್ಟ್ರದ ಬೀಡ್‌ನಲ್ಲಿ ಕಬ್ಬು ಕಡಿಯುವ ಹೆಂಗಸರದ್ದು 2019ರಲ್ಲಿ ಬಯಲಾಯಿತು. 2022ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅನಗತ್ಯ ಗರ್ಭಕೋಶ ಆಪರೇಷನ್ ತಡೆಯಲು ಮಾರ್ಗಸೂಚಿ ತಂದಿತು. ಅದನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕು ಅಂತ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು. ಒಳ್ಳೆಯದೇ ಆಯಿತು.

ಆದರೆ ಈಗಾಗಲೇ ತೆಗೆಸಿಕೊಂಡವರ ಗತಿ? ನಮ್ಮ ಅಂಗಡಿಗೆ ಬರುವ ಹೆಂಗಸರನ್ನು ಸುಮ್ನೆ ಕೇಳಿ ನೋಡುತ್ತೇನೆ: ಗರ್ಭಕೋಶ ಮಾತ್ರ ತೆಗೆದರೋ, ಓವರಿಗಳನ್ನೂ ತೆಗೆದರೋ? ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ‘ಎಲ್ಲಾ ತೆಗೆದ್ರಂತೆ’ ಅನ್ನುತ್ತಾರೆ. ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿ, ಅದೂ ನಾಲ್ಕಕ್ಷರದ ಸಂಕ್ಷೇಪದಲ್ಲಿ ಇರುತ್ತದೆ. ಮೂವತ್ತೈದಕ್ಕೆ ಓವರಿ ಕಳೆದುಕೊಂಡವಳಿಗೆ ಮುಖ್ಯವಾಗಿ ಬೇಕಾದದ್ದು ಈಸ್ಟ್ರೋಜೆನ್. ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನ ತನಕವಾದರೂ ಬೇಕು, ಮೂಳೆಗೂ ಹೃದಯಕ್ಕೂ. ಅದನ್ನೇ ಯಾರೂ ಹೇಳಿರುವುದಿಲ್ಲ. ಇನ್ನು ಟೆಸ್ಟೋಸ್ಟೆರಾನ್ ಮಾತು ದೂರವೇ ಉಳಿಯಿತು. ಆಸೆ ಆರಿಹೋಗಿದೆ, ಮೈ ತನ್ನದಲ್ಲ ಅನಿಸುತ್ತಿದೆ ಅಂತ ಆಕೆಗೆ ಹೇಳಿಕೊಳ್ಳಲು ಜಾಗವೇ ಇಲ್ಲ. ಹೇಳಿಕೊಂಡರೆ ‘ಈ ವಯಸ್ಸಲ್ಲಿ ಇದೆಲ್ಲಾ ಯಾಕಮ್ಮಾ’ ಅನ್ನುವ ಉತ್ತರ.

ಔಷಧ ಲೋಕದ ಚರಿತ್ರೆ ನಿಮಗೆ ಗೊತ್ತಿರುವುದೇ. ಓದುವ ಜನಕ್ಕೆ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ. ಟೆಸ್ಟೋಸ್ಟೆರಾನ್ ಅನ್ನು ಬೇರ್ಪಡಿಸಿ ಗುರುತಿಸಿದ್ದು 1935ರಲ್ಲಿ. ಮರು ದಶಕದಲ್ಲೇ ಅಮೆರಿಕದಲ್ಲಿ ಡಾಕ್ಟರುಗಳು ಹೆಂಗಸರಿಗೂ ಕೊಟ್ಟು ನೋಡಿದ್ದರು. 1985ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಬಾರ್ಬರಾ ಶೆರ್ವಿನ್ ಮತ್ತು ಸಂಗಡಿಗರು ಓವರಿ ತೆಗೆಸಿಕೊಂಡ ಹೆಂಗಸರ ಮೇಲೆ ಅಧ್ಯಯನ ಮಾಡಿ, ಟೆಸ್ಟೋಸ್ಟೆರಾನ್ ಸೇರಿಸಿದಾಗ ಆಸೆ ಮರಳುತ್ತದೆ ಅಂತ ತೋರಿಸಿದರು. ಅಂದರೆ ಇದು ನಿನ್ನೆ ಮೊನ್ನೆ ಇನ್‌ಸ್ಟಾಗ್ರಾಂನಲ್ಲಿ ಹುಟ್ಟಿದ ಫ್ಯಾಷನ್ ಅಲ್ಲ.

1998ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಗಂಡಸರ ವಯಾಗ್ರಾಕ್ಕೆ ಒಪ್ಪಿಗೆ ಕೊಟ್ಟಿತು. 2004ರ ಡಿಸೆಂಬರ್‌ನಲ್ಲಿ ಇಂಟ್ರಿನ್ಸಾ ಅನ್ನುವ ಹೆಂಗಸರ ಟೆಸ್ಟೋಸ್ಟೆರಾನ್ ಪಟ್ಟಿ ಅದೇ ಎಫ್‌ಡಿಎಯ ಸಲಹಾ ಸಮಿತಿಯ ಮುಂದೆ ಬಂತು. ಹೊಟ್ಟೆಯ ಮೇಲೆ ಅಂಟಿಸಿಕೊಳ್ಳುವ ಪಟ್ಟಿ, ದಿನಕ್ಕೆ 300 ಮೈಕ್ರೋಗ್ರಾಂ ಚರ್ಮದ ಮೂಲಕ ಒಳಗೆ ಬಿಡುತ್ತಿತ್ತು. ದೀರ್ಘಕಾಲದ ಸುರಕ್ಷತೆಯ ಮಾಹಿತಿ ಸಾಲದು ಅಂತ ಸಮಿತಿ ಬೇಡ ಅಂದಿತು. 2002ರಲ್ಲಿ ಈಸ್ಟ್ರೋಜೆನ್-ಪ್ರೊಜೆಸ್ಟಿನ್ ಮಾತ್ರೆಗಳ ದೊಡ್ಡ ಅಧ್ಯಯನ ಅರ್ಧಕ್ಕೇ ನಿಂತು ಎಲ್ಲರೂ ಬೆಚ್ಚಿದ್ದ ಕಾಲ ಅದು. ಹಾಗಾಗಿ ಆ ಎಚ್ಚರಿಕೆ ನನಗೆ ಅರ್ಥವಾಗುತ್ತದೆ. ಆದರೂ ಗಂಡಸರ ಮಾತ್ರೆಗೆ ಇಷ್ಟೇ ಉದ್ದದ ಟೇಪು ಹಿಡಿದು ಅಳೆದರಾ ಅಂತ ಕೇಳಬೇಕು ಅನಿಸುತ್ತದೆ. ಯುರೋಪು ಆ ಪಟ್ಟಿಗೆ 2006ರಲ್ಲಿ ಒಪ್ಪಿಗೆ ಕೊಟ್ಟಿತು, ಗರ್ಭಕೋಶ ಮತ್ತು ಎರಡೂ ಓವರಿ ತೆಗೆಸಿಕೊಂಡು ಈಸ್ಟ್ರೋಜೆನ್ ತೆಗೆದುಕೊಳ್ಳುತ್ತಿರುವವರಿಗೆ ಮಾತ್ರ. 2012ರಲ್ಲಿ ವ್ಯಾಪಾರದ ಕಾರಣಕ್ಕೆ ಕಂಪನಿಯೇ ಅದನ್ನು ವಾಪಸು ತೆಗೆದುಕೊಂಡಿತು. ಲಿಬಿಜೆಲ್ ಅಂತ ಇನ್ನೊಂದು ಜೆಲ್ ಬರುವುದಿತ್ತು. 2011ರಲ್ಲಿ ಅದರ ದೊಡ್ಡ ಪರೀಕ್ಷೆಗಳಲ್ಲಿ ಔಷಧಿ ಇಲ್ಲದ ಸುಳ್ಳು ಜೆಲ್ಲಿಗಿಂತ ಅದೇನೂ ಹೆಚ್ಚು ಕೆಲಸ ಮಾಡಲಿಲ್ಲ. ಈ ಸೋಲನ್ನೂ ಹೇಳಲೇಬೇಕು. ಔಷಧಿಯ ಪರವಾಗಿ ಬರೆಯುವವರು ಇದನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ.

ಹಾಗಾದರೆ ಈ ಔಷಧಿ ನಿಜವಾಗಿ ಎಷ್ಟು ಕೆಲಸ ಮಾಡುತ್ತದೆ? 2008ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಇದೆ. ಮುಟ್ಟು ನಿಂತ, ಈಸ್ಟ್ರೋಜೆನ್ ತೆಗೆದುಕೊಳ್ಳದ 814 ಹೆಂಗಸರು ಅದರಲ್ಲಿದ್ದರು. 300 ಮೈಕ್ರೋಗ್ರಾಂ ಪಟ್ಟಿ ಹಾಕಿಕೊಂಡವರಲ್ಲಿ, ತೃಪ್ತಿ ಕೊಟ್ಟ ಮಿಲನದ ಸಂದರ್ಭಗಳು ನಾಲ್ಕು ವಾರಕ್ಕೆ 2.1ರಷ್ಟು ಹೆಚ್ಚಾದವು. ಸುಳ್ಳು ಪಟ್ಟಿ ಹಾಕಿಕೊಂಡವರಲ್ಲೂ 0.7 ಹೆಚ್ಚಾದವು. 2019ರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸೂಸನ್ ಡೇವಿಸ್ ತಂಡ 36 ಅಧ್ಯಯನಗಳನ್ನು, ಎಂಟು ಸಾವಿರಕ್ಕೂ ಹೆಚ್ಚು ಹೆಂಗಸರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು. ತಿಂಗಳಿಗೆ ಸರಾಸರಿ ಒಂದು ಸಂದರ್ಭ ಜಾಸ್ತಿ. ನಗು ಬರುತ್ತದಾ? ಅಷ್ಟಕ್ಕೇ ಇಷ್ಟೆಲ್ಲಾನಾ ಅಂತ. ಆದರೆ ಎಣಿಕೆ ಬಿಟ್ಟು ಆಸೆ, ಸುಖ, ತನ್ನ ಬಗ್ಗೆ ತನಗಿರುವ ಭಾವನೆ, ಒಳಗಿನ ಬೇಸರ ಇವನ್ನೂ ಅಳೆದಿದ್ದರು. ಅವೂ ಸುಧಾರಿಸಿದ್ದವು. ಆಸೆಯೇ ಇಲ್ಲ ಅಂತ ಕೊರಗುವವಳಿಗೆ ಆ ಬೇಸರ ಇಳಿಯುವುದೇ ದೊಡ್ಡದು.

ಅದೇ ವರ್ಷ ಅಂತಾರಾಷ್ಟ್ರೀಯ ಮೆನೋಪಾಸ್ (ಮುಟ್ಟು ನಿಲ್ಲುವುದು) ಸೊಸೈಟಿ ಸೇರಿದಂತೆ ಹಲವು ದೇಶಗಳ ವೈದ್ಯ ಸಂಘಟನೆಗಳು ಕೂಡಿ ಒಂದು ಜಾಗತಿಕ ಹೇಳಿಕೆ ಹೊರಡಿಸಿದವು. ಅದರ ಸಾರ ನನಗೆ ಇಷ್ಟವಾಯಿತು, ಯಾಕೆಂದರೆ ಅದರಲ್ಲಿ ಆಡಂಬರ ಇಲ್ಲ. ಮುಟ್ಟು ನಿಂತ ಮೇಲೆ ಆಸೆ ಕಳೆದುಕೊಂಡು, ಅದರಿಂದ ತಾನೇ ನೊಂದಿರುವ ಹೆಂಗಸಿಗೆ ಇದನ್ನು ಕೊಡಬಹುದು. ಬೇರೆ ಯಾವುದಕ್ಕೂ ಇದು ಕೆಲಸ ಮಾಡುತ್ತದೆ ಅನ್ನಲು ಸಾಕಷ್ಟು ಪುರಾವೆ ಇಲ್ಲ. ಸುಸ್ತಿಗಿಲ್ಲ, ಮರೆವಿಗಿಲ್ಲ, ಮೂಳೆಗಿಲ್ಲ, ತೂಕ ಇಳಿಸುವುದಕ್ಕಂತೂ ಇಲ್ಲವೇ ಇಲ್ಲ. ರಕ್ತ ಪರೀಕ್ಷೆಯಲ್ಲಿ ಕಮ್ಮಿ ಬಂತು ಅನ್ನುವ ಒಂದೇ ಕಾರಣಕ್ಕೆ ಕೊಡುವ ಹಾಗಿಲ್ಲ. ಇಷ್ಟಕ್ಕಿಂತ ಕಮ್ಮಿ ಇದ್ದರೆ ಆಸೆ ಹೋಗುತ್ತದೆ ಅನ್ನುವ ಗೆರೆಯೇ ಇಲ್ಲ. ಕೊಟ್ಟ ಮೇಲೆ ಪರೀಕ್ಷೆ ಮಾಡಿಸುವುದು ಜಾಸ್ತಿ ಆಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಆರು ತಿಂಗಳಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಬೇಕು. ಎರಡು ವರ್ಷದಾಚೆಗಿನ ಸುರಕ್ಷತೆಯ ಮಾಹಿತಿ ಸಾಲದು ಅಂತಲೂ ಅವರೇ ಬರೆದಿದ್ದಾರೆ. ಸ್ತನ ಕ್ಯಾನ್ಸರ್ ಆದವರ ವಿಷಯದಲ್ಲಿ ಎಚ್ಚರ ಇರಲಿ ಅಂದಿದ್ದಾರೆ. ಮಾತ್ರೆಯ ರೂಪದಲ್ಲಿ ನುಂಗಿದರೆ ಕೊಲೆಸ್ಟ್ರಾಲ್ ಕೆಡುತ್ತದೆ, ಚರ್ಮಕ್ಕೆ ಹಚ್ಚಿದರೆ ಆ ತೊಂದರೆ ಕಂಡಿಲ್ಲ. ಹೆಂಗಸರ ಅಳತೆಯಲ್ಲಿ ಕೊಟ್ಟಾಗ ಕೆಲವರಿಗೆ ಮೊಡವೆ, ಒಂದಷ್ಟು ಕೂದಲು. ಅಳತೆ ಮೀರಿದರೆ ಧ್ವನಿ ಗಡುಸಾಗಬಹುದು, ಹಾಗೆ ಬದಲಾದ ಧ್ವನಿ ಮತ್ತೆ ಸರಿಹೋಗದೆಯೂ ಇರಬಹುದು.

ಈ ಕೊನೆಯ ಮಾತಿನ ಮೇಲೆ ಸ್ವಲ್ಪ ನಿಲ್ಲಿ, ಸ್ವಾಮಿ. ಅಳತೆ ಮೀರಿದರೆ. ಇಡೀ ಚಿಕಿತ್ಸೆಯ ಸುರಕ್ಷತೆ ನಿಂತಿರುವುದು ಅಳತೆಯ ಮೇಲೆ. ಆ ಅಳತೆಯನ್ನು ನಾವು ಬಿಟ್ಟಿರುವುದು ಬಟ್ಟೆಯ ಕ್ಲಿಪ್ಪಿಗೆ, ನನ್ನ ಪೆನ್ನಿನ ಗುರುತಿಗೆ, ಕನ್ನಡಕ ಇಲ್ಲದೆ ಸಿರಿಂಜಿನ ಗೆರೆ ಕಾಣದ ಐವತ್ತೈದರ ಕಣ್ಣುಗಳಿಗೆ. ‘ಪೂರ್ತಿ ಹಚ್ಚಿದರೆ ಬೇಗ ಗುಣ ಆಗಬಹುದಾ?’ ಅಂತ ಕೇಳಿದವರು ಇದ್ದಾರೆ. ಕೇಳದೆ ಹಚ್ಚಿಕೊಂಡವರು ಎಷ್ಟೋ!

ಆಮೇಲೆ ಮನೆಯ ಮಕ್ಕಳು. ಹಚ್ಚಿದ ಜೆಲ್ ಚರ್ಮದಿಂದ ಚರ್ಮಕ್ಕೆ ದಾಟುತ್ತದೆ. ಗಂಡಸರು ಹಚ್ಚಿಕೊಂಡ ಜೆಲ್ ತಾಗಿ ಮಕ್ಕಳಲ್ಲಿ ಅಕಾಲಕ್ಕೆ ಪ್ರೌಢ ಲಕ್ಷಣಗಳು ಕಂಡವು ಅಂತ ಅಮೆರಿಕದಲ್ಲಿ 2009ರಲ್ಲಿ ಈ ಜೆಲ್‌ಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದರು. ನಮ್ಮ ಕಡೆ ಮೊಮ್ಮಗು ಅಜ್ಜಿಯ ಪಕ್ಕದಲ್ಲೇ ಮಲಗುತ್ತದೆ. ಎಲ್ಲಿ ಹಚ್ಚಬೇಕು, ಎಷ್ಟು ಹೊತ್ತು ಮುಚ್ಚಿಕೊಂಡಿರಬೇಕು, ಕೈ ಯಾವಾಗ ತೊಳೆಯಬೇಕು ಅಂತ ಅಜ್ಜಿಗೆ ಗೊತ್ತಾಗುವ ಕನ್ನಡದಲ್ಲಿ ಯಾರು ಬರೆದುಕೊಡುತ್ತಾರೆ?

ಅಳತೆಗೆ ಸರಿಯಾದ ಔಷಧಿ ಮಾಡುವುದೇನು ಅಸಾಧ್ಯದ ಕೆಲಸವೂ ಅಲ್ಲ. ಆಸ್ಟ್ರೇಲಿಯಾದಲ್ಲಿ ಆಂಡ್ರೋಫೆಮ್ ಅನ್ನುವ ಕ್ರೀಮ್ ಇದೆ. ಪಶ್ಚಿಮ ಆಸ್ಟ್ರೇಲಿಯಾದ ಒಂದು ಸಣ್ಣ ಕಂಪನಿಯದ್ದು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು, ಮುಟ್ಟು ನಿಂತ ಹೆಂಗಸರ ಇದೇ ಒಂದು ತೊಂದರೆಗೆ. ಶೇಕಡಾ 1ರ ಕ್ರೀಮ್, 50 ಎಂಎಲ್ ಟ್ಯೂಬ್, ಜೊತೆಗೆ ಗೆರೆ ಹಾಕಿದ ಅಳತೆಯ ಕಡ್ಡಿ. ಅರ್ಧ ಎಂಎಲ್ ತೆಗೆದು ತೊಡೆಯ ಹೊರಭಾಗಕ್ಕೋ ಪೃಷ್ಠಕ್ಕೋ ಹಚ್ಚಿಕೊಳ್ಳುವುದು. ಬಾದಾಮಿ ಎಣ್ಣೆ ಇದೆ, ಅದರ ಅಲರ್ಜಿ ಇದ್ದವರು ಬಳಸಬೇಡಿ ಅಂತಲೂ ಹೇಳಿದ್ದಾರೆ. ಅಲ್ಲಿಯ ಕ್ರೀಮಿನಲ್ಲೂ ಇರುವುದು ನಮ್ಮ ಸ್ಯಾಶೆಯಲ್ಲಿರುವ ಟೆಸ್ಟೋಸ್ಟೆರಾನೇ. ಸಾಂದ್ರತೆಯೂ ಒಂದೇ. ಬೇರೆ ಇರುವುದು ಜೆಲ್ಲಿನ ಬದಲು ಕ್ರೀಮ್, ಟ್ಯೂಬು, ಅಳತೆಯ ಕಡ್ಡಿ, ಒಳಗಿನ ಚೀಟಿ. ಜಗತ್ತಿಗೆಲ್ಲಾ ಜೆನೆರಿಕ್ ಮಾತ್ರೆ ಕಳಿಸುವ ದೇಶಕ್ಕೆ ಇಷ್ಟು ಮಾಡಲು ಕಷ್ಟವೇ?

ಬ್ರಿಟನ್ನಿನವರು ಈ ವಿಷಯದಲ್ಲಿ ನಮಗಿಂತ ಬಹಳ ಮುಂದೆ ಅಂತ ತಿಳಿಯಬೇಡಿ. ಈಸ್ಟ್ರೋಜೆನ್ ಚಿಕಿತ್ಸೆಯಿಂದ ಮಾತ್ರ ಆಸೆ ಮರಳದಿದ್ದರೆ ಟೆಸ್ಟೋಸ್ಟೆರಾನ್ ಯೋಚಿಸಿ ಅಂತ ಅವರ ನೈಸ್ ಸಂಸ್ಥೆ 2015ರಲ್ಲೇ ಮಾರ್ಗಸೂಚಿ ಬರೆಯಿತು. ಮಾರ್ಗಸೂಚಿ ಬಂತು, ಅದರ ಬೆನ್ನಿಗೇ ಹೆಂಗಸರ ಔಷಧಿ ಬರಲಿಲ್ಲ. ಅಲ್ಲಿಯ ಹೆಂಗಸರೂ ವರ್ಷಗಟ್ಟಲೆ ಗಂಡಸರ ಸ್ಯಾಶೆಯನ್ನೇ ಒಂದು ವಾರಕ್ಕೂ ಮೇಲೆ ಎಳೆದರು.

ಈಗ ನನಗೆ ಸಿಟ್ಟು ಬರುವ ಇನ್ನೊಂದು ಕಡೆಗೆ ಬರುತ್ತೇನೆ. ಸರಿಯಾದ ಔಷಧಿ ಸಿಗದ ಜಾಗದಲ್ಲಿ ತಪ್ಪು ಮಾರುವವರು ಬಂದು ಕೂರುತ್ತಾರೆ. ‘ಹಾರ್ಮೋನ್ ಬ್ಯಾಲೆನ್ಸ್’, ‘ಆಂಟಿ ಏಜಿಂಗ್’ ಅಂತ ಬೋರ್ಡು ಹಾಕಿಕೊಂಡವರು, ಟೆಸ್ಟೋಸ್ಟೆರಾನ್ ಹಾಕಿಸಿಕೊಂಡರೆ ಸುಸ್ತು ಹೋಗುತ್ತೆ, ಹೊಟ್ಟೆ ಕರಗುತ್ತೆ, ಮುಖಕ್ಕೆ ಕಳೆ ಬರುತ್ತೆ ಅನ್ನುತ್ತಾರೆ. ಚರ್ಮದ ಕೆಳಗೆ ಹೂತಿಡುವ ಗುಳಿಗೆಗಳ ಬಗ್ಗೆ ಹೊರದೇಶದ ವಿಡಿಯೋ ನೋಡಿ ಬಂದು ಕೇಳುವವರಿದ್ದಾರೆ. ಒಮ್ಮೆ ಹೂತರೆ ತಿಂಗಳುಗಟ್ಟಲೆ ಅದು ಬಿಡುಗಡೆ ಆಗುತ್ತಲೇ ಇರುತ್ತದೆ. ಜಾಸ್ತಿ ಆಯಿತು ಅಂತ ಗೊತ್ತಾದರೂ ವಾಪಸು ತೆಗೆಯುವುದು ಸುಲಭವಲ್ಲ. ಜೆಲ್ ಆದರೆ ನಾಳೆ ಹಚ್ಚದಿದ್ದರೆ ಆಯಿತು. ರಕ್ತದ ಮಟ್ಟವನ್ನು ಅತಿಯಾಗಿ ಏರಿಸುವ ಇಂಥ ಗುಳಿಗೆ, ಇಂಜೆಕ್ಷನ್ ಬೇಡ ಅಂತ ಆ 2019ರ ಹೇಳಿಕೆ ಬಿಚ್ಚಿ ಹೇಳಿದೆ. ಟೆಸ್ಟೋಸ್ಟೆರಾನ್ ಶೆಡ್ಯೂಲ್ ಎಚ್ ಪಟ್ಟಿಯಲ್ಲಿರುವ ಔಷಧಿ. ಚೀಟಿ ಇಲ್ಲದೆ ನಾನು ಒಂದು ಸ್ಯಾಶೆ ಕೊಟ್ಟರೆ ನನ್ನ ಲೈಸೆನ್ಸ್ ಹೋಗುತ್ತದೆ. ಸರಿ, ಹೋಗಲಿ. ಸುಸ್ತು ಹೋಗುತ್ತೆ ಅಂತ ಜಾಹೀರಾತು ಹಾಕುವವರ ಮೇಲೂ ಅದೇ ಕಣ್ಣು ಇರಬೇಕಲ್ವಾ?

ಲ್ಯಾಬುಗಳ ಮಾತೂ ಅಷ್ಟೇ. ‘ಮಹಿಳೆಯರ ಹಾರ್ಮೋನ್ ಪ್ಯಾಕೇಜ್’ ಅಂತ ಆಫರ್ ಬರುತ್ತವೆ. ಮಾಮೂಲಿ ಲ್ಯಾಬಿನ ಪರೀಕ್ಷಾ ವಿಧಾನ ಗಂಡಸರ ಮಟ್ಟದ ಟೆಸ್ಟೋಸ್ಟೆರಾನ್ ಅಳೆಯಲು ಹೊಂದುತ್ತದೆ. ಹೆಂಗಸರ ಕಡಿಮೆ ಮಟ್ಟದಲ್ಲಿ ಅದು ಎಡವುತ್ತದೆ. ಅದಕ್ಕೆ ಮಾಸ್ ಸ್ಪೆಕ್ಟ್ರೋಮೆಟ್ರಿ ಅನ್ನುವ ವಿಧಾನ ವಾಸಿ, ಅದು ಎಲ್ಲ ಕಡೆ ಸಿಗುವುದಿಲ್ಲ. ಕಾಗದದ ಮೇಲೆ ‘ಲೋ’ ಅಂತ ಕೆಂಪಕ್ಷರ ಬಂದ ತಕ್ಷಣ ಹೆದರಿಕೊಂಡು ಬರುವವರನ್ನು ಕೂರಿಸಿ ನೀರು ಕೊಟ್ಟು ಕಳಿಸುವುದು ನಮ್ಮ ಕೆಲಸವಾಗಿದೆ.

ಟೆಸ್ಟೋಸ್ಟೆರಾನ್ ಪರವಾಗಿ ಬರೆಯುತ್ತಿದ್ದರೂ, ಬರುವ ಹತ್ತರಲ್ಲಿ ಹೆಚ್ಚಿನವರಿಗೆ ಅದು ಬೇಡ ಅಂತಲೇ ನನ್ನ ಅನಿಸಿಕೆ. ಕೆಲವರಿಗೆ ಇರುವುದು ಒಣಗಿದ ನೋವು. ಸೇರುವಾಗ ಉರಿಯುತ್ತದೆ, ಹಾಗಾಗಿ ಮನಸ್ಸೂ ಹಿಂದೆ ಸರಿಯುತ್ತದೆ. ಅಂಥವರಿಗೆ ಯೋನಿಯೊಳಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮ್ ಇದೆ, ನಮ್ಮ ಅಂಗಡಿಗಳಲ್ಲೇ ಸಿಗುತ್ತದೆ, ಡಾಕ್ಟರನ್ನು ಕೇಳಬೇಕಷ್ಟೇ. ಕೆಲವರಿಗೆ ಥೈರಾಯ್ಡ್. ಕೆಲವರು ಖಿನ್ನತೆಗೆ ತೆಗೆದುಕೊಳ್ಳುವ ಮಾತ್ರೆಯೇ ಆಸೆಯನ್ನು ಅಮುಕಿರುತ್ತದೆ. ಈಸ್ಟ್ರೋಜೆನ್ ಮಾತ್ರೆ ನುಂಗುವವರಲ್ಲಿ ಲಿವರ್ ಒಂದು ಪ್ರೋಟೀನನ್ನು ಹೆಚ್ಚು ತಯಾರಿಸಿ, ಅದು ಇದ್ದಬದ್ದ ಟೆಸ್ಟೋಸ್ಟೆರಾನನ್ನೂ ಕಟ್ಟಿಹಾಕುತ್ತದೆ. ಅಂಥವರಿಗೆ ಮಾತ್ರೆ ಬಿಟ್ಟು ಚರ್ಮಕ್ಕೆ ಹಚ್ಚುವ ಈಸ್ಟ್ರೋಜೆನ್‌ಗೆ ಬದಲಾಯಿಸುವುದನ್ನು ಡಾಕ್ಟರು ಮೊದಲು ನೋಡಬಹುದು. ಇನ್ನು ಕೆಲವರ ಮನೆಯಲ್ಲಿ ಇರುವುದೇ ಒಂದು ರೂಮು. ಅಲ್ಲಿ ಅತ್ತೆ, ಮಗ, ಟಿವಿ ಎಲ್ಲಾ ಇರುತ್ತವೆ. ಬೆಳಗಿನಿಂದ ರಾತ್ರಿ ತನಕ ದುಡಿದು ಬಿದ್ದುಕೊಳ್ಳುವವಳಿಗೆ ಯಾವ ಜೆಲ್ ಏನು ಮಾಡೀತು? ಕುಡಿದು ಬಂದು ಹೊಡೆಯುವ ಗಂಡನ ಮೇಲೆ ಆಸೆ ಹುಟ್ಟಿಸುವ ಕ್ರೀಮ್ ಇಲ್ಲ, ಇರಲೂಬಾರದು.

ಹೆಂಡತಿಯ ಚೀಟಿ ಹಿಡಿದು ಗಂಡ ಒಬ್ಬನೇ ಬಂದಾಗ ನಾನು ಆಕೆಗೇ ಫೋನ್ ಮಾಡಿಸಿ ಮಾತಾಡುತ್ತೇನೆ. ಕೆಲವರಿಗೆ ಕೋಪ ಬರುತ್ತದೆ. ಬರಲಿ. ಆಸೆ ಇಲ್ಲ ಅನ್ನುವ ಬೇಸರ ಆಕೆಯದ್ದಾಗಿರಬೇಕು, ಗಂಡನದ್ದಲ್ಲ. ಆಸೆ ಇಲ್ಲದೆಯೂ ನೆಮ್ಮದಿಯಾಗಿರುವ ಹೆಂಗಸಿಗೆ ಇದು ಕಾಯಿಲೆಯೇ ಅಲ್ಲ.

ಇನ್ನು ನಿಮ್ಮ ಕಚೇರಿಯ ಪಾಲಿನ ಕೆಲಸ. ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮ, 2019ರ ಪ್ರಕಾರ ಹಳೆಯ ಔಷಧಿಯನ್ನೇ ಹೊಸ ಉದ್ದೇಶಕ್ಕೆ, ಹೊಸ ಡೋಸಿನಲ್ಲಿ ತಂದರೂ ಅದು ಹೊಸ ಔಷಧಿಯೇ. ಅದಕ್ಕೆ ನಿಮ್ಮ ಒಪ್ಪಿಗೆ ಬೇಕು. 2024ರ ಆಗಸ್ಟ್‌ನಲ್ಲಿ ನಿಮ್ಮ ಕಚೇರಿ ಒಂದು ಆದೇಶ ಹೊರಡಿಸಿತು. ಅಮೆರಿಕ, ಬ್ರಿಟನ್, ಜಪಾನ್, ಆಸ್ಟ್ರೇಲಿಯಾ, ಕೆನಡಾ ಮತ್ತು ಯುರೋಪಿಯನ್ ಒಕ್ಕೂಟದಲ್ಲಿ ಒಪ್ಪಿಗೆ ಪಡೆದ ಕೆಲವು ಬಗೆಯ ಔಷಧಿಗಳಿಗೆ ಇಲ್ಲಿ ಮತ್ತೆ ಟ್ರಯಲ್ (ಜನರ ಮೇಲೆ ಪರೀಕ್ಷೆ) ಮಾಡುವುದರಿಂದ ವಿನಾಯಿತಿ ಕೊಡಬಹುದು ಅಂತ. ಐದು ಗುಂಪುಗಳನ್ನು ಹೆಸರಿಸಿದ್ದೀರಿ. ಐದನೆಯದು, ಈಗಿರುವ ಚಿಕಿತ್ಸೆಗಿಂತ ಗಮನಾರ್ಹವಾಗಿ ಮುಂದಿರುವ ಔಷಧಿಗಳು. ಆಸ್ಟ್ರೇಲಿಯಾ ನಿಮ್ಮ ಪಟ್ಟಿಯಲ್ಲಿದೆ. ಅಲ್ಲಿ ಹೆಂಗಸರ ಕ್ರೀಮಿಗೆ ಒಪ್ಪಿಗೆಯೂ ಇದೆ. ‘ಈಗಿರುವ ಚಿಕಿತ್ಸೆ’ ಅಂದರೆ ಏನು ಅಂತ ಮೇಲೆ ಬರೆದಿದ್ದೇನೆ: ಸಿರಿಂಜ್ ಮತ್ತು ಕ್ಲಿಪ್. ಅಳತೆಯ ಟ್ಯೂಬು ಅದಕ್ಕಿಂತ ಗಮನಾರ್ಹವಾಗಿ ಮುಂದಿದೆಯೋ ಇಲ್ಲವೋ, ನಿಮ್ಮ ತಜ್ಞರ ಸಮಿತಿ ಕೂತು ಹೇಳಲಿ. ಇಲ್ಲ, ನಮ್ಮ ಹೆಂಗಸರ ಮೇಲೆ ಟ್ರಯಲ್ ಆಗಲೇಬೇಕು ಅಂದರೆ ಅದಕ್ಕೂ ನನ್ನ ತಕರಾರಿಲ್ಲ. ನಮ್ಮಲ್ಲಿ ಮುಟ್ಟು ಪಶ್ಚಿಮದವರಿಗಿಂತ ನಾಲ್ಕೈದು ವರ್ಷ ಮೊದಲೇ, ಸುಮಾರು 46-47ಕ್ಕೆ ನಿಲ್ಲುತ್ತದೆ. ಇಲ್ಲಿಯ ಮಾಹಿತಿ ಇಲ್ಲಿಯೇ ಸಿಕ್ಕರೆ ಒಳ್ಳೆಯದೇ. ಆದರೆ ಯಾರಾದರೂ ಶುರು ಮಾಡಬೇಕಲ್ಲ. ಕಂಪನಿಗಳು ತಾವಾಗಿ ಬರುತ್ತವೆ ಅಂತ ಕಾದರೆ ಆಗದು. ಗಂಡಸರ ಸ್ಯಾಶೆಯೇ ಮಾರಾಟವಾಗುತ್ತಿರುವಾಗ ಅವರಿಗೇನು ಅವಸರ?

ಹೆಂಗಸರ ಔಷಧಿ ಬರುವ ತನಕ, ಗಂಡಸರ ಜೆಲ್ಲನ್ನೇ ಡಾಕ್ಟರು ಹೆಂಗಸರಿಗೆ ಬರೆದುಕೊಡುವಾಗ ಏನು ಮಾಡಬೇಕು ಅನ್ನುವುದಕ್ಕೆ ಒಂದು ಪುಟದ ಸೂಚನೆಯಾದರೂ ಬರಲಿ. ಎಷ್ಟು ಪ್ರಮಾಣ, ಹೇಗೆ ಅಳೆಯುವುದು, ಸ್ಯಾಶೆ ಎಷ್ಟು ದಿನ ಇಡಬಹುದು, ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು. ಅದು ಕನ್ನಡದಲ್ಲೂ ಇರಲಿ. ಇದನ್ನು ನೀವು ಸ್ತ್ರೀರೋಗ ತಜ್ಞರ ಸಂಘಗಳ ಜೊತೆ, ಇಂಡಿಯನ್ ಮೆನೋಪಾಸ್ ಸೊಸೈಟಿಯ ಜೊತೆ ಕೂತು ಮಾಡಬಹುದು. 1995ರಿಂದ ಈ ಕೆಲಸದಲ್ಲಿರುವವರು ಅವರು.

ಈ ಪತ್ರದ ಪ್ರತಿಯನ್ನು ಕರ್ನಾಟಕದ ಆರೋಗ್ಯ ಇಲಾಖೆಗೂ ಕಳಿಸುತ್ತಿದ್ದೇನೆ. ಅವರಲ್ಲಿ ನನ್ನದು ಒಂದೇ ಕೋರಿಕೆ, ದುಡ್ಡು ಖರ್ಚಾಗದ್ದು. ಗರ್ಭಕೋಶದ ಆಪರೇಷನ್ ಆದ ಪ್ರತಿ ಹೆಂಗಸಿನ ಡಿಸ್ಚಾರ್ಜ್ ಕಾಗದದಲ್ಲಿ, ಸರ್ಕಾರಿ ಆಸ್ಪತ್ರೆಯಿರಲಿ ಖಾಸಗಿಯಿರಲಿ, ಎರಡು ಸಾಲು ಕನ್ನಡದಲ್ಲಿ ಇರಬೇಕು. ‘ನಿಮ್ಮ ಓವರಿಗಳನ್ನು ತೆಗೆದಿದ್ದೇವೆ’ ಅಥವಾ ‘ತೆಗೆದಿಲ್ಲ’. ತೆಗೆದಿದ್ದರೆ, ‘ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಡಾಕ್ಟರನ್ನು ಕೇಳಿ’.

ನಿಮ್ಮ ಸಮಿತಿ ಈ ವಿಷಯ ಕೈಗೆತ್ತಿಕೊಳ್ಳುತ್ತದೆಯೇ, ಯಾವಾಗ, ಅಂತ ಒಂದು ಸಾಲು ಉತ್ತರ ಬರೆಸಿ. ಇಂಗ್ಲಿಷಿನಲ್ಲಿ ಇದ್ದರೂ ಪರವಾಗಿಲ್ಲ. ಕನ್ನಡಕ್ಕೆ ತಂದು ಕೌಂಟರಿನ ಗಾಜಿಗೆ ಅಂಟಿಸುವ ಕೆಲಸ ನನ್ನದು.

ಇತಿ,
ಹಾಸನದ ಒಬ್ಬ ಫಾರ್ಮಸಿಸ್ಟ್